ಉಚ್ಚಂಗೆಪ್ಪನ ಹೊಲದ ಸಮುದ್ರ

ಕೂಡ್ಲಿಗಿಯಿಂದ ಸಮುದ್ರಕ್ಕೆ ಹೋಗಬೇಕಾದರೆ ಮೂರು ಬಸ್ಸು ಬದಲಿಸಿ ಒಂದು ಘಟ್ಟ ಇಳಿಯಬೇಕು. ಈ ಸಂಗತಿಯನ್ನು ಸರ್ಕಾರವು 1984ನೇ ಇಸವಿಯಲ್ಲಿ ಅತ್ಯಂತ ಗಂಭೀರವಾಗಿ ಪರಿಗಣಿಸಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇಷ್ಟೂ ಸೀಮೆಯನ್ನು ‘ಸಮುದ್ರದ ವಿಷಯದಲ್ಲಿ ಹಿಂದುಳಿದ ಪ್ರದೇಶ’ ಎಂದು ಘೋಷಿಸಿತು. ಕರಾವಳಿಯವರಿಗೆ ಮಾತ್ರ ಕಡಲಾಟ ಕಲಿಸಿ ಒಳನಾಡಿನವರನ್ನು ಒಣಗಲು ಬಿಡುವುದು ಸಮಾನತೆಯ ತತ್ವಕ್ಕೆ ವಿರುದ್ಧ ಎಂಬುದು ಆದೇಶದ ಮೊದಲ ಪ್ಯಾರಾ. ಕೂಡ್ಲಿಗಿಯ ಹಳೇ ಗೊಬ್ಬರದ ಗೋದಾಮಿನ ಹಿಂದಿನ ಕೋಣೆಯಲ್ಲಿ ‘ಜಲಕ್ರೀಡಾ ಅಭಿವೃದ್ಧಿ ಶಾಖೆ’ ತೆರೆಯತಕ್ಕದ್ದು ಎಂಬುದು ಎರಡನೇ ಪ್ಯಾರಾ. ಮೂರನೇ ಪ್ಯಾರಾದ ಮೇಲೆ ಚಹಾ ಚೆಲ್ಲಿದ್ದರಿಂದ ಅದನ್ನು ಯಾರಿಗೂ ಓದಲಾಗಲಿಲ್ಲ. ಆದರೆ ತಪ್ಪದೆ ಪಾಲಿಸಲಾಯಿತು.

ಶಾಖೆಗೆ ವಿಶೇಷಾಧಿಕಾರಿಯಾಗಿ ಬಂದವರು ಪಾಲಾಕ್ಷಪ್ಪನವರು. ಕುರಿಗಳ ವಿಷಯ ಏನೂ ಗೊತ್ತಿಲ್ಲದೆ ಹನ್ನೆರಡು ವರ್ಷ ಕುರಿ ಅಭಿವೃದ್ಧಿಯಲ್ಲಿ ದಕ್ಷತೆಯಿಂದ ದುಡಿದಿದ್ದ ಕಾರಣ ಸಮುದ್ರಕ್ಕೆ ಅವರೇ ಯೋಗ್ಯರೆಂದು ಮೇಲಿನವರಿಗೆ ಅನಿಸಿತ್ತು. ಅವರ ಕೈಕೆಳಗೆ ಒಬ್ಬನೇ ಗುಮಾಸ್ತ, ಗಾಳೆಪ್ಪ. ಅವನು ಹಂಗಾಮಿ. ಎಂಟು ವರ್ಷದಿಂದ ಹಂಗಾಮಿ. ಗೋಡೆಗೆ ಸುಣ್ಣ ಹೊಡೆದರೂ ಎಂಟು ವರ್ಷಕ್ಕೆ ಅದು ಗೋಡೆಯದೇ ಆಗುತ್ತದೆ; ಗಾಳೆಪ್ಪ ಮಾತ್ರ ಇನ್ನೂ ಯಾವ ಇಲಾಖೆಯವನೂ ಆಗಿರಲಿಲ್ಲ. ಕೂರುವ ಕುರ್ಚಿಯೂ ಅವನದಲ್ಲ, ಬೇರೆ ಕಚೇರಿಯಲ್ಲಿ ಯಾರಾದರೂ ರಜೆ ಹಾಕಿದವರದು.

ಇದರ ಬಿಸಿ ಕಚೇರಿಗಿಂತ ಹೆಚ್ಚಾಗಿ ತಟ್ಟುತ್ತಿದ್ದದ್ದು ಮಾವನ ಮನೆಯಲ್ಲಿ. ಮಾವ ಉಚ್ಚಂಗೆಪ್ಪ ಕೊಟ್ಟೂರಿನ ಹೊರಗೆ ನಾಲ್ಕು ಎಕರೆ ಹೊಲದವನು, ಮೀಸೆಯವನು. ‘ಇವತ್ತೋ ನಾಳೆಯೋ ಕಾಯಂ ಆಗ್ತದ’ ಎಂಬ ಮಾತಿನ ಮೇಲೆ ಮಗಳು ದುರುಗಮ್ಮನನ್ನು ಕೊಟ್ಟಿದ್ದ. ಆ ನಾಳೆ ಬಂದಿರಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಗಾಳೆಪ್ಪನ ಎಲೆ ಬಾಗಿಲ ಬಳಿ, ಪಂಕ್ತಿಯ ತುದಿಯಲ್ಲಿ.

“ಬರ್ರಿ ಬರ್ರಿ, ಹಂಗಾಮಿ ಅಳಿಯಂದಿರು! ಅಲ್ಲೇ ಕುಂದರ್ರಿ. ಕಾಯಂ ಆದಮ್ಯಾಲೆ ಒಳಗ ಬರೂರಂತ,” ಎನ್ನುತ್ತಿದ್ದ ಉಚ್ಚಂಗೆಪ್ಪ.

“ಮಾವ, ಫೈಲು ಬಳ್ಳಾರಿಗೆ ಹೋಗೈತಿ.”

“ಎಂಟು ವರ್ಷ ಆತಲ್ಲೋ. ನಡಕೊಂತ ಹೋಗೈತೇನು?”

ದುರುಗಮ್ಮ ಅಡುಗೆಮನೆಯಿಂದಲೇ “ಅಪ್ಪಾ, ಉಣ್ಣೂವಾಗರ ಬಿಡು” ಎನ್ನುತ್ತಿದ್ದಳು. ಆದರೆ ಅವಳೂ ಗಂಡನಿಗೆ ಹೋಳಿಗೆ ಬಡಿಸುವಾಗ ಮೊದಲು ತಂಗಿಯ ಗಂಡ, ಕಾಯಂ ಆದ ಲೈನ್‌ಮನ್ನನ ಎಲೆಯನ್ನು ದಾಟಿಯೇ ಬರಬೇಕಾಗುತ್ತಿತ್ತು.

ಜನವರಿಯಲ್ಲಿ ಸುತ್ತೋಲೆ ಬಂತು. ಮಾರ್ಚ್ 31ರೊಳಗೆ ಪ್ರತಿಯೊಂದು ಶಾಖೆಯೂ (1) ಒಂದು ಅಲೆ ಹಲಗೆ ಸ್ಪರ್ಧೆಯನ್ನು ನಡೆಸತಕ್ಕದ್ದು; (2) ಒಬ್ಬ ನೌಕರನಿಗೆ ಉಸಿರಾಟದ ಸಿಲಿಂಡರಿನೊಡನೆ ಮೂವತ್ತು ಅಡಿ ಮುಳುಗಿ ಇಪ್ಪತ್ತು ನಿಮಿಷ ಇರುವ ತರಬೇತಿ ಕೊಡತಕ್ಕದ್ದು. ಎರಡೂ ಆದಲ್ಲಿ ಹಂಗಾಮಿ ನೌಕರನನ್ನು ಕಾಯಂಗೊಳಿಸಲಾಗುವುದು. ತಪ್ಪಿದಲ್ಲಿ ಏಪ್ರಿಲ್ ಒಂದರಿಂದ ಶಾಖೆಯೂ ಇಲ್ಲ, ನೌಕರನೂ ಇಲ್ಲ.

ಪಾಲಾಕ್ಷಪ್ಪನವರು ಕನ್ನಡಕ ತೆಗೆದು ಕೇಳಿದರು. “ಗಾಳೆಪ್ಪ, ನಿನಗ ಈಜು ಬರ್ತೈತೇನೋ?”

“ಇಲ್ರಿ ಸಾರ್.”

“ಛಲೋ ಆತು. ಸುತ್ತೋಲಿ ಮುಳುಗೂದು ಕೇಳೈತಿ, ತೇಲೂದು ಕೇಳಿಲ್ಲ.”

ಸಾಮಾನು ಬಸ್ಸಿನ ಮೇಲೆ ಬಂತು. ಒಂದು ಉಕ್ಕಿನ ಸಿಲಿಂಡರು, ಅದಕ್ಕೊಂದು ಕೊಳವೆ. ಕಣ್ಣಿಗೆ ಕಟ್ಟುವ ಗಾಜು. ಬಾತುಕೋಳಿಗೆ ಅಳತೆ ತೆಗೆದು ಹೊಲಿದಂತಿದ್ದ ರಬ್ಬರ್ ಪಾದ ಒಂದು ಜೊತೆ. ಮತ್ತು ಅಲೆಯ ಮೇಲೆ ನಿಲ್ಲುವ ಹಲಗೆ, ಒಂಬತ್ತಡಿ ಉದ್ದದ್ದು. ಆ ಹಲಗೆ ಬಸ್ಸಿನ ಮೇಲೆ ಹತ್ತದೆ ಒಳಗೇ ಸೀಟಿನ ಪಕ್ಕ ಓರೆಯಾಗಿ ನಿಂತುಕೊಂಡು ಬಂದಿದ್ದರಿಂದ ಕಂಡಕ್ಟರನು ಅದಕ್ಕೊಂದು ಟಿಕೀಟು ಹರಿದಿದ್ದ. ಅರ್ಧ ಟಿಕೀಟಲ್ಲ, ಪೂರ್ತಿ, ಎತ್ತರ ಇತ್ತಲ್ಲ.

ಮೊದಲು ಸ್ಪರ್ಧೆ. ನಿಯಮಾವಳಿ ಓದುತ್ತ ಓದುತ್ತ ಗಾಳೆಪ್ಪನಿಗೆ ಮೈ ಬೆಚ್ಚಗಾಯಿತು. ‘ಸ್ಪರ್ಧಿಯು ಹಲಗೆಯ ಮೇಲೆ ನೆಟ್ಟಗೆ ನಿಂತು, ಏನನ್ನೂ ಹಿಡಿದುಕೊಳ್ಳದೆ, ನೀರಿನ ಮೇಲೆ ಸಾಗಿ, ಬೀಳದೆ ದಡ ಮುಟ್ಟತಕ್ಕದ್ದು.’ ಇದನ್ನು ಕೆರೆ ಹಿಂದಿನ ಗದ್ದೆಗಳಲ್ಲಿ ಜನ ಅಜ್ಜನ ಕಾಲದಿಂದ ಮಾಡುತ್ತಿದ್ದರು! ನಾಟಿಗೆ ಮುಂಚೆ ಕೆಸರು ಮಟ್ಟ ಮಾಡಲು ಎತ್ತುಗಳ ಹಿಂದೆ ಹಲಗೆ ಕಟ್ಟಿ, ಭಾರಕ್ಕೆ ಅದರ ಮೇಲೆ ಒಬ್ಬರು ನಿಲ್ಲುವುದಿಲ್ಲವೇ? ಪರದೇಶದವರು ಇದನ್ನೇ ಎತ್ತು ಇಲ್ಲದೆ ಕಷ್ಟಪಟ್ಟು ಮಾಡುತ್ತಾರೆ, ಅಷ್ಟೇ.

ಫೆಬ್ರವರಿಯ ಒಂದು ಭಾನುವಾರ ಕೊಟ್ಟೂರಿನ ಹತ್ತಿರದ ಗದ್ದೆಯಲ್ಲಿ ಪ್ರಥಮ ಅಲೆ ಹಲಗೆ ಸ್ಪರ್ಧೆ ನೆರವೇರಿತು. ಐದೂ ಊರಿನಿಂದ ಒಬ್ಬೊಬ್ಬ ಸ್ಪರ್ಧಿ. ಬದುವಿನ ಮೇಲೆಲ್ಲ ಜನ, ಜನರ ಕೈಯಲ್ಲೆಲ್ಲ ಮಂಡಕ್ಕಿ. ಹಡಗಲಿಯವನು ಮೈತುಂಬ ಮಲ್ಲಿಗೆ ಮಾಲೆ ಹಾಕಿಕೊಂಡೇ ಹಲಗೆ ಹತ್ತಿ, ಎರಡನೇ ತಿರುವಿನಲ್ಲಿ ಕೆಸರಿಗೆ ಬಿದ್ದ. “ಅಲಿ ಎಡಕ್ಕ ತಿರುಗಿತ್ರಿ!” ಎಂದು ದೂರು ಕೊಟ್ಟ. ವಿಚಾರಣೆಯಲ್ಲಿ ಅಲೆಯು ಎಡಗಡೆ ಹುಲ್ಲು ನೋಡಿದ್ದು ನಿಜವೆಂದು ಕಂಡುಬಂತು; ಆದರೆ ಅದು ನೈಸರ್ಗಿಕ ಕಾರಣವಾದ್ದರಿಂದ ದೂರು ವಜಾ ಆಯಿತು.

ಹರಪನಹಳ್ಳಿಯ ಹಾಲೇಶಪ್ಪ ಮಾತ್ರ ತಕರಾರು ಎತ್ತಿದ. ಅವನು ಒಮ್ಮೆ ಹೊನ್ನಾವರಕ್ಕೆ ಹೋಗಿ ಬಂದಿದ್ದ ಮನುಷ್ಯ.

“ಸಾರ್, ನಾನು ಕಣ್ಣಾರೆ ನೋಡಿದೀನಿ. ಅಲ್ಲಿ ಅಲೆ ಹಿಂದಿನಿಂದ ನೂಕತ್ತೆ. ಇಲ್ಲಿ ಮುಂದಿನಿಂದ ಎಳೀತೈತೆ. ಇದೆಂಥ ಅಲೆ?”

ಪಾಲಾಕ್ಷಪ್ಪನವರು ನಿಯಮಾವಳಿಯನ್ನು ಹಿಂದುಮುಂದು ತಿರುವಿ ಹಾಕಿದರು. “ಅಲಿಗೆ ಬಾಲ ಇರಬಾರದು ಅಂತ ಎಲ್ಲೆರ ಬರದೈತೇನ್ರಿ? ನೀವೇ ತೋರಿಸ್ರಿ.”

ಎಲ್ಲೂ ಬರೆದಿರಲಿಲ್ಲ.

ಗೆದ್ದವಳು ಕೊಟ್ಟೂರಿನ ಕರಿಯಕ್ಕ, ಉಚ್ಚಂಗೆಪ್ಪನ ಪಕ್ಕದ ಹೊಲದವಳು, ಅರವತ್ತರ ಮೇಲಿನವಳು. ನಲವತ್ತು ವರ್ಷ ಗಂಡ ಎತ್ತು ಹೊಡೆದರೆ ತಾನು ಹಲಗೆಯ ಮೇಲೆ ಭಾರಕ್ಕೆ ನಿಂತವಳು. ಎಲೆಗೆ ಸುಣ್ಣ ಹಚ್ಚುತ್ತ ಹೊರಟು, ಅಡಿಕೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ದಡ ಮುಟ್ಟಿದಳು. ಸೀರೆಯ ಅಂಚಿಗೆ ಒಂದು ಹನಿ ಕೆಸರಿಲ್ಲ. ವರದಿಯನ್ನು ಗಾಳೆಪ್ಪ ತನ್ನ ದುಂಡನೆಯ ಅಕ್ಷರದಲ್ಲಿ ಬರೆದ: ‘ಅಲೆಗಳ ಸಂಖ್ಯೆ: ಎರಡು. ಅಲೆಯ ಎತ್ತರ: ನಾಲ್ಕೂವರೆ ಅಡಿ, ಕೊಂಬು ಹೊರತುಪಡಿಸಿ. ಅಲೆಯ ಬಣ್ಣ: ಒಂದು ಬಿಳಿ, ಒಂದು ಕಂದು. ಸ್ಪರ್ಧೆಯ ನಂತರ ಅಲೆಗಳಿಗೆ ಹಿಂಡಿ ತಿನ್ನಿಸಲಾಯಿತು.’ ಮೇಲಿನಿಂದ ಎಂಟೇ ದಿನಕ್ಕೆ ಮೆಚ್ಚುಗೆ ಪತ್ರ ಬಂತು. ಸರ್ಕಾರಿ ಹಲಗೆಯನ್ನು ಬಹುಮಾನವಾಗಿ ಕರಿಯಕ್ಕನಿಗೇ ಕೊಡಲಾಯಿತು. ಅದರ ಮೇಲೆ ಸಂಡಿಗೆ ಬೇಗ ಒಣಗುತ್ತವೆ ಎಂದು ಅವಳು ಇಡೀ ಓಣಿಗೆ ಹೇಳಿದಳು.

ಇನ್ನು ಉಳಿದದ್ದು ಮುಳುಗುವುದು. ಇದಕ್ಕೆ ‘ಸಮುದ್ರ ಅಥವಾ ತತ್ಸಮಾನ ಜಲರಾಶಿ’ ಬೇಕು. ಕೆರೆಗಳಲ್ಲಿ ಮೊಣಕಾಲುದ್ದ ನೀರು. ಹೊಳೆಯಲ್ಲಿ ಎಮ್ಮೆಗಳು. ಒಳ್ಳೆಯ ಬಾವಿಗಳನ್ನೆಲ್ಲ ಪಂಪು ಹಚ್ಚಿ ಬತ್ತಿಸಿಬಿಟ್ಟಿದ್ದರು. ಗಾಳೆಪ್ಪ ಸೈಕಲ್ ತುಳಿದು ತುಳಿದು ಹರಪನಹಳ್ಳಿ ಸೀಮೆಯ ಅರಸೀಕೆರೆಯಿಂದ ಕೋಗಳಿಯವರೆಗೆ ಬಾವಿ ಇಣುಕಿ ಬಂದ. ಕೊನೆಗೆ ಹೊಳೆದದ್ದು ಮಾವನ ಹೊಲದ್ದೇ. ಉಚ್ಚಂಗೆಪ್ಪನ ಬಾವಿಯ ನೀರು ಸವಳು. ದನ ಮೂಸಿ ಹಿಂದೆ ಸರಿಯುವಂಥದ್ದು. ಯಾರೂ ಕುಡಿಯರು, ಯಾವ ಪೈರಿಗೂ ಬಿಡರು. ಆದ್ದರಿಂದ ಬಾವಿ ಸದಾ ತುಂಬಿ ನಿಂತಿರುತ್ತಿತ್ತು, ಮೂವತ್ತೆರಡು ಅಡಿ.

ತತ್ಸಮಾನತೆಯನ್ನು ನಿರ್ಧರಿಸಲು ಪಂಚರು ಕೂಡಿದರು. ಗ್ರಾಮಲೆಕ್ಕಿಗರು ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ತಕ್ಷಣ ಉಗುಳಿದರು. ಉಗುಳಿದ್ದನ್ನು ಒಪ್ಪಿಗೆ ಎಂದು ದಾಖಲಿಸಲಾಯಿತು. ‘ನೀರು ಉಪ್ಪಾಗಿದೆ. ತಳ ಕಾಣುವುದಿಲ್ಲ. ಯಾರಿಗೂ ಉಪಯೋಗವಿಲ್ಲ. ಆದ ಕಾರಣ ಸದರಿ ಬಾವಿಯು ಸಮುದ್ರವೇ ಸರಿ.’

ಉಚ್ಚಂಗೆಪ್ಪ ಹೆಬ್ಬೆಟ್ಟು ಒತ್ತುತ್ತ ಕೇಳಿದ. “ಹಂಗಾರ ನನ್ನ ಹೊಲ ಏನಾತ್ರಿ ಸಾಹೇಬ್ರ?”

“ಕರಾವಳಿ,” ಎಂದರು ಪಾಲಾಕ್ಷಪ್ಪನವರು.

“ಜ್ವಾಳ ಬಿತ್ತಬಹುದೋ?”

“ಕರಾವಳಿಯೊಳಗ ಜ್ವಾಳ ಬಿತ್ತಬಾರದು ಅಂತ ಏನಿಲ್ಲ.”

ಮಾರ್ಚ್ 28ಕ್ಕೆ ಮುಹೂರ್ತ ಇಟ್ಟರು. ಗಾಳೆಪ್ಪ ಸ್ನಾನ ಮಾಡಿ ಬಂದರೆ, ಪಾಲಾಕ್ಷಪ್ಪನವರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಗಾಬರಿಯಲ್ಲಿ ಓಡಿ ಬಂದರು. ರೇಡಿಯೋದಲ್ಲಿ ಹೇಳಿದ್ದರು: ಸಮುದ್ರ ಪ್ರಕ್ಷುಬ್ಧ, ಯಾರೂ ನೀರಿಗೆ ಇಳಿಯಬಾರದು. ಬಾವಿ ನೋಡಿದರೆ ಅಂಗಾತ ಮಲಗಿಸಿದ ಕನ್ನಡಿಯಂತೆ ನಿಂತಿತ್ತು, ಒಂದು ಕಪ್ಪೆ ಅದರ ಮೇಲೆ ನಿದ್ದೆ ಮಾಡುತ್ತಿತ್ತು. ಆದರೂ ಸಮುದ್ರವೆಂದು ಸಹಿ ಮಾಡಿದ ಮೇಲೆ ಸಮುದ್ರದ ಕಾನೂನಿಗೆ ತಲೆಬಾಗಲೇಬೇಕು. ಊರಲ್ಲಿ ಡಂಗುರ ಹೊಡೆಸಿದರು: ‘ಕೇಳ್ರಪ್ಪೋ ಕೇಳ್ರಿ! ಉಚ್ಚಂಗೆಪ್ಪನ ಹೊಲದಾಗ ಸಮುದ್ರ ರೊಚ್ಚಿಗೆದ್ದೈತಿ! ಮೀನು ಹಿಡಿಯೂರು ಮೂರು ದಿನ ಆ ಕಡಿ ಹೋಗಬ್ಯಾಡ್ರೋ!’ ಕೊಟ್ಟೂರಿನಲ್ಲಿ ಮೀನು ಹಿಡಿಯುವವರು ಯಾರೂ ಇಲ್ಲದಿದ್ದರೂ ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸಿದರು.

29 ಹೋಯಿತು. 30 ಹೋಯಿತು. ಗಾಳೆಪ್ಪನಿಗೆ ಚಹಾದಂಗಡಿಯ ರೇಡಿಯೋದ ಮುಂದೆ ಕೂತು ಕೂತು ಹವಾಮಾನದವನ ಕೆಮ್ಮೂ ಬಾಯಿಪಾಠವಾಯಿತು. 31ರ ಮಧ್ಯಾಹ್ನ ಸಮುದ್ರ ಶಾಂತವಾಗಿದೆ ಎಂದಾಗ ಗಂಟೆ ಒಂದೂವರೆ. ಕಚೇರಿ ಮುಚ್ಚುವುದು ಐದೂವರೆಗೆ. ಎಂಟು ವರ್ಷಕ್ಕೆ ಉಳಿದದ್ದು ನಾಲ್ಕು ತಾಸು.

ಬಾವಿಯ ಸುತ್ತ ಊರೇ ಸೇರಿತು. ಪಾಲಾಕ್ಷಪ್ಪನವರು ಸೂಚನೆಯ ಹಾಳೆಯನ್ನು ಕನ್ನಡಕ್ಕೆ ತಿರುಗಿಸಿ ಓದಿದರು. “ಉಸಿರನ್ನು ಯಾವ ಕಾರಣಕ್ಕೂ ಹಿಡಿದಿಡತಕ್ಕದ್ದಲ್ಲ. ತರಬೇತಿ ಪಡೆಯುವವನನ್ನು ಹಗ್ಗದಿಂದ ಕಟ್ಟತಕ್ಕದ್ದಲ್ಲ.” ಉಚ್ಚಂಗೆಪ್ಪ ತಂದಿದ್ದ ಹಗ್ಗವನ್ನು ವಾಪಸು ಕಳಿಸಲಾಯಿತು.

ಇಲ್ಲಿ ಒಂದು ಮಾತು. ನಮ್ಮ ಸೀಮೆಯಲ್ಲಿ ಈಜು ಕಲಿಯುವವರ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿಯ ಬಾಯಿ ಮುಚ್ಚಿ ಕಟ್ಟಿ ಬಾವಿಗೆ ನೂಕುವುದು ಪದ್ಧತಿ. ಡಬ್ಬಿಯೊಳಗಿನ ಗಾಳಿ ತೇಲಿಸುತ್ತದೆ. ಹೀಗೆಯೇ ಎಲ್ಲರೂ ಕಲಿತದ್ದು. ಉಚ್ಚಂಗೆಪ್ಪ ಸಿಲಿಂಡರನ್ನು ತಟ್ಟಿ ನೋಡಿದ.

“ಇದರಾಗ ಏನೈತ್ರಿ?”

“ಗಾಳಿ,” ಎಂದರು ಪಾಲಾಕ್ಷಪ್ಪನವರು.

“ಗಾಳಿ ಹೊರಗೂ ಬೇಕಾದಷ್ಟು ಐತಲ್ರಿ.”

“ಅದು ಪುಕ್ಕಟೆ ಗಾಳಿ. ಇದು ಮಂಜೂರಾದ ಗಾಳಿ. ಒತ್ತಿ ಒತ್ತಿ ತುಂಬ್ಯಾರ.”

“ಒತ್ತಿ ತುಂಬ್ಯಾರ ಅಂದ್ರ ಇನ್ನೂ ಛಲೋ ತೇಲ್ತೈತಿ ಬಿಡ್ರಿ! ನಮ್ಮ ಎಣ್ಣಿ ಡಬ್ಬಿ ಏನ್ ಮಹಾ.” ಮಾವ ಖುಷಿಯಾಗಿ ತಾನೇ ಪಟ್ಟಿ ಬಿಗಿದ. “ಮೊದಲ ಎರಡು ಸುತ್ತು ಮ್ಯಾಲೇ ಈಜಾಡ್ಲಿ. ಆಮ್ಯಾಲೆ ಮುಳುಗೂ ವಿಚಾರ. ಹೆದರಬ್ಯಾಡೋ ಹಂಗಾಮಿ ಅಳಿಯ, ಹೂವಿನಂಗ ತೇಲ್ತೀ!”

ಗಾಳೆಪ್ಪ ಕೊಳವೆ ಬಾಯಿಗಿಟ್ಟುಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಮಾವ ಪದ್ಧತಿಯ ಪ್ರಕಾರ ಹಿಂದಿನಿಂದ ನೂಕಿದ.

ಅವನು ಹೂವಿನಂತೆ ತೇಲಲಿಲ್ಲ. ರುಬ್ಬುವ ಗುಂಡಿನಂತೆ ಹೋದ.

ಮೇಲಿದ್ದವರೆಲ್ಲ ಬಾವಿಯೊಳಗೆ ಬಗ್ಗಿದರು. ಆಮೇಲೆ ನೀರಿನಿಂದ ದಪ್ಪ ದಪ್ಪ ಗುಳ್ಳೆಗಳು ಎದ್ದವು. ಪಾಲಾಕ್ಷಪ್ಪನವರು ಕೈಗಡಿಯಾರ ನೋಡಿ, “ಎರಡು ಗಂಟಿ ಹತ್ತು ನಿಮಿಷ. ತರಬೇತಿ ಪ್ರಾರಂಭ,” ಎಂದರು.

ಕೆಳಗೆ ಗಾಳೆಪ್ಪನ ಕಿವಿ ಚುಯ್ಯೆಂದವು. ಎರಡು ಸಲ ಉಗುಳು ನುಂಗಿದ, ಸರಿಹೋಯಿತು. ಕುಂಡಿಗೆ ಏನೋ ಟಣ್ ಎಂದು ತಗುಲಿತು. ಗಾಜಿನೊಳಗಿಂದ ಕಣ್ಣು ಬಿಟ್ಟು ನೋಡಿದರೆ ಹಸಿರು ಮಬ್ಬು. ತಾನು ಕೂತದ್ದು ಮೂರು ತಲೆಮಾರಿನಲ್ಲಿ ಬಿದ್ದ ಕೊಡ, ಚೊಂಬು, ಬಕೀಟುಗಳ ರಾಶಿಯ ಮೇಲೆ. ಉಸಿರು ಎಳೆದ, ಬಂತು. ಬಿಟ್ಟ, ಹೋಯಿತು. ಹಿಡಿದಿಡಬಾರದೆಂದು ಆದೇಶವಿತ್ತು, ಎಂಟು ವರ್ಷದಲ್ಲಿ ಅವನು ಆದೇಶ ಮೀರಿದವನಲ್ಲ. ಹೆದರಿಕೆ ಸ್ವಲ್ಪ ಇಳಿದ ಮೇಲೆ ಅವನಿಗೆ ಒಂದು ವಿಚಿತ್ರ ಸಮಾಧಾನವಾಯಿತು. ‘ಏಳಪ್ಪಾ, ಆ ಕುರ್ಚಿಯವರು ರಜೆ ಮುಗಿಸಿ ಬಂದ್ರು’ ಎಂದು ಇಲ್ಲಿ ಬಂದು ಹೇಳುವವರು ಯಾರೂ ಇರಲಿಲ್ಲ. ಅವನು ಕೊಡವನ್ನು ಸ್ವಲ್ಪ ಸರಿಸಿಕೊಂಡು ಸರಿಯಾಗಿ ಕೂತ.

ಮೇಲೆ ಗದ್ದಲ ಎದ್ದಿತ್ತು. ಬಿದ್ದ ಕೊಡ ಎತ್ತುವ ಪಾತಾಳಗರಡಿ ಬೇಕು, ಆ ಕಬ್ಬಿಣದ ಕೊಕ್ಕೆಗಳ ಗೊಂಚಲು. ಇಡೀ ಸೀಮೆಗೆ ಅದು ಇದ್ದದ್ದು ಕರಿಯಕ್ಕನ ಮನೆಯಲ್ಲಿ. ಅವಳು ತಂದಳು, ಆದರೆ ಕೊಡಲಿಲ್ಲ.

“ಏನರ ಅಡ ಇಡ್ರಿ. ಪಾತಾಳಗರಡಿ ಒಯ್ಯಬೇಕಂದ್ರ ಒಂದು ಪಾತ್ರಿ ಇಡಬೇಕು. ನಮ್ಮತ್ತಿ ಕಾಲದಿಂದ ಹಿಂಗೈತಿ.”

“ಯವ್ವಾ, ಮನಶ್ಯಾ ಮುಳುಗ್ಯಾನವ್ವಾ!” ಎಂದ ಉಚ್ಚಂಗೆಪ್ಪ.

“ಕೊಡ ಮುಳುಗಿದಾಗೂ ನೀ ಹಿಂಗ ಒದರಿದ್ದಿ. ಆಮ್ಯಾಲೆ ಗರಡಿ ನಾಕು ತಿಂಗಳು ಕೊಡ್ಲಿಲ್ಲ.”

ಪಾಲಾಕ್ಷಪ್ಪನವರಿಗೆ ಕರಿಯಕ್ಕನ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು. “ನಿಯಮ ನಿಯಮಾನ,” ಎಂದು ತಲೆಯಾಡಿಸಿದರು. ದುರುಗಮ್ಮ ಸೆರಗು ಸಿಕ್ಕಿಸಿಕೊಂಡು ಮನೆಗೆ ಓಡಿ ಒಂದು ಹಿತ್ತಾಳೆ ಚೊಂಬು ತಂದಳು. ಕರಿಯಕ್ಕ ಅದನ್ನು ತಿರುಗಿಸಿ ನೋಡಿದಳು.

“ಚೊಂಬು ಬಿದ್ರ ಚೊಂಬು ಇಡಬೇಕು. ಕೊಡ ಬಿದ್ರ ಕೊಡ. ಇದು ಮನಶ್ಯಾ ಐತಿ. ಹಂಡೇವು ತರ್ರಿ.”

ನೀರು ಕಾಯಿಸುವ ತಾಮ್ರದ ಹಂಡೇವು ಒಲೆಯ ಮೇಲೆ ಹೂತಿತ್ತು. ಅದನ್ನು ಕಿತ್ತು ಇಬ್ಬರು ಹೊತ್ತು ತರುವಷ್ಟರಲ್ಲಿ ಉಚ್ಚಂಗೆಪ್ಪ ಬಾವಿಯ ದಂಡೆಯಲ್ಲಿ ಮಕಾಡೆ ಮಲಗಿ ಗುಳ್ಳೆಗಳನ್ನೇ ನೋಡುತ್ತಿದ್ದ. ಗುಳ್ಳೆ ಬಂದಾಗೊಮ್ಮೆ “ಅದಾನ! ಅದಾನ!” ಎನ್ನುತ್ತಿದ್ದ. ನಡುವೆ ಒಂದು ಸಲ ಗುಳ್ಳೆ ತಡವಾದಾಗ ಅವನ ಮೀಸೆ ನಡುಗಿತು. “ಅಳಿಯಾ… ನನ್ನ ಅಳಿಯಾ…” ಎಂದ. ಹಂಗಾಮಿ ಎಂಬ ಮಾತು ಅವನ ಬಾಯಿಗೆ ಬರಲಿಲ್ಲ. ದುರುಗಮ್ಮ ಬಿಕ್ಕುತ್ತಲೇ ಅದನ್ನು ಗಮನಿಸಿದಳು.

ಕೊಕ್ಕೆ ಸಿಲಿಂಡರಿನ ಪಟ್ಟಿಗೆ ಸಿಕ್ಕಿತು. ಎಂಟು ಜನ ಎಳೆದರು. ಗಾಳೆಪ್ಪ ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಎರಡು ಚೊಂಬು ಹಿಡಿದುಕೊಂಡು ಮೇಲೆ ಬಂದು, ಕೊಳವೆ ಉಗುಳಿ ಮೊದಲು ಕೇಳಿದ್ದು, “ಇಪ್ಪತ್ತು ನಿಮಿಷ ಆತೇನ್ರಿ ಸಾರ್?”

“ಇಪ್ಪತ್ತೆರಡು!” ಎಂದರು ಪಾಲಾಕ್ಷಪ್ಪನವರು. ಜನ ಶಿಳ್ಳೆ ಹೊಡೆದರು. ಉಚ್ಚಂಗೆಪ್ಪ ಅಳಿಯನನ್ನು ತಬ್ಬಿಕೊಂಡು, ಕೂಡಲೇ ಸಾವರಿಸಿಕೊಂಡು, ಆ ಕೊಡ ಯಾರದೆಂದು ತಿರುಗಿಸಿ ನೋಡತೊಡಗಿದ. ಐದೂವರೆಗೆ ಐದು ನಿಮಿಷ ಇರುವಾಗ ವರದಿಗೆ ಮೊಹರು ಬಿತ್ತು.

ಮೇ ತಿಂಗಳಲ್ಲಿ ಆದೇಶ ಬಂತು. ಗಾಳೆಪ್ಪ ಕಾಯಂ! ಅದನ್ನು ಅವನು ಮಾವನ ಮನೆಯಲ್ಲಿ ಗಟ್ಟಿಯಾಗಿ ಓದಿದ. ‘ಸದರಿ ನೌಕರನು ದಿನಾಂಕ 31ರಂದು ಸಮುದ್ರದಲ್ಲಿ ಮುಳುಗಿರುವುದು ವರದಿಯಿಂದ ದೃಢಪಟ್ಟಿದೆ. ಆತನನ್ನು ಅದೇ ಸ್ಥಳದಲ್ಲಿ ಕಾಯಂಗೊಳಿಸಲಾಗಿದೆ. ಕೇಂದ್ರಸ್ಥಾನ: ಸಮುದ್ರದ ತಳ. ಪೂರ್ವಾನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡತಕ್ಕದ್ದಲ್ಲ.’

ವರದಿಯನ್ನು ತೆಗೆಸಿ ನೋಡಿದರೆ ಅದರಲ್ಲಿ ಮುಳುಗಿದ ಸಮಯಕ್ಕೆ ಕಾಲಂ ಇತ್ತು, ಮೇಲೆ ಬಂದದ್ದಕ್ಕೆ ಇರಲಿಲ್ಲ.

“ತಿದ್ದುಪಡಿಗೆ ಬರೀಬಹುದು,” ಎಂದರು ಪಾಲಾಕ್ಷಪ್ಪನವರು. “ಫೈಲು ಬಳ್ಳಾರಿಗೆ ಹೋಗಬೇಕು.”

ಗಾಳೆಪ್ಪ, ದುರುಗಮ್ಮ, ಉಚ್ಚಂಗೆಪ್ಪ ಮೂವರೂ ಒಟ್ಟಿಗೆ “ಬ್ಯಾಡ್ರಿ!” ಎಂದರು.

ಹೀಗೆ ಸಮುದ್ರದ ತಳದಲ್ಲಿ ಶಾಖೆ ನಡೆಯತೊಡಗಿತು. ಸಿಲಿಂಡರು ಗಾಳಿ ತುಂಬಿಸಿಕೊಂಡು ಬರಲು ಮಂಗಳೂರಿಗೆ ಹೋಗಿತ್ತು. ಅದು ಬರುವತನಕ ನೌಕರನು ದಿನಾ ಹತ್ತು ಗಂಟೆಗೆ ರಬ್ಬರ್ ಪಾದ ಹಾಕಿಕೊಂಡು ಬಾವಿಯ ದಂಡೆಗೆ ಬಂದು, ‘ಕೇಂದ್ರಸ್ಥಾನಕ್ಕೆ ಹೊರಡುವ ಸಿದ್ಧತೆಯಲ್ಲಿ’ ಬೇವಿನ ನೆರಳಿಗೆ ಕೂರಬೇಕೆಂದು ತೀರ್ಮಾನವಾಯಿತು. ಕುರ್ಚಿ ಮಾವನೇ ತಂದು ಹಾಕಿದ. ಹೆಸರು ಬರೆಸಿದ ಕುರ್ಚಿ.

ಜುಲೈನಲ್ಲಿ ತಪಾಸಣೆಗೆ ಬಳ್ಳಾರಿಯಿಂದ ಪಂಚಾಕ್ಷರಪ್ಪ ಎಂಬ ಅಧಿಕಾರಿ ಬಂದರು. ಗಾಳೆಪ್ಪ ಎದ್ದು ನಿಂತ. ರಬ್ಬರ್ ಪಾದ ಪಚ್ಚೆಂದಿತು.

“ನೀವು ತಳದಾಗ ಇರಬೇಕಲ್ರಿ? ಮ್ಯಾಲೆ ಯಾಕ ಅದೀರಿ?”

“ಊಟದ ಬಿಡುವು ಐತ್ರಿ ಸಾಹೇಬ್ರ.”

ಪಂಚಾಕ್ಷರಪ್ಪನವರು ಗಡಿಯಾರ ನೋಡಿಕೊಂಡರು. ಒಂದೂ ಇಪ್ಪತ್ತು. ಸರಿಯಾಗಿತ್ತು. ತೃಪ್ತಿಯಿಂದ ಟಿಪ್ಪಣಿ ಬರೆದರು. ದುರುಗಮ್ಮ ಅವರಿಗೂ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಅವರು ಬಾವಿಯೊಳಗೆ ಬಹಳ ಹೊತ್ತು ಇಣುಕಿ, ದನಿ ತಗ್ಗಿಸಿ ಕೇಳಿದರು.

“ಇದರಾಗ ಇನ್ನೊಂದು ಹುದ್ದಿ ಹಿಡಿಸ್ತೈತೇನ್ರಿ? ನಾನೂ ಪ್ರಭಾರದ ಮ್ಯಾಲೇ ಅದೀನಿ. ಹದಿನಾಲ್ಕು ವರ್ಷ ಆತು.”

ಗಾಳೆಪ್ಪ ತುಸು ಯೋಚಿಸಿದ. “ತಳದಾಗ ಇಕ್ಕಟ್ಟೈತ್ರಿ ಸಾಹೇಬ್ರ. ಒಬ್ಬರು ಕುಂದರೂವಷ್ಟ ಜಾಗ.”

“ಅದಕ್ಯಾಕ ಚಿಂತಿ?” ಎಂದ ಉಚ್ಚಂಗೆಪ್ಪ, ಕರಾವಳಿಯ ಮಾಲೀಕ. “ಆಚಿ ಮೂಲಿಗೆ ಇನ್ನೊಂದು ಸಮುದ್ರ ತೋಡೂಣ್ರಿ. ಅಲ್ಲೂ ಸವಳ ಬರ್ತೈತಿ, ನಾ ಖಾತ್ರಿ ಕೊಡ್ತೀನಿ.”

ಮಾರನೇ ಬೆಳಿಗ್ಗೆ ನಾಲ್ಕು ಆಳು ಗುದ್ದಲಿ ತಗೊಂಡು ಬಂದರು. ಸಂಜೆ ಐದರ ಹೊತ್ತಿಗೆ ಸಮುದ್ರ ಮೊಣಕಾಲುದ್ದ ಆಗಿತ್ತು. ಪಂಚಾಕ್ಷರಪ್ಪನವರು ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಒಳಗಿಳಿದು ನಿಂತರು. ಗಾಳೆಪ್ಪ ಹಾಜರಿ ಪುಸ್ತಕ ಬಗ್ಗಿಸಿ ಹಿಡಿದ. ಅವರು ಸಹಿ ಮಾಡಿದರು.